ಮಾಮೂಲಿ ತೌರು

ಹರಪನಹಳ್ಳಿಯ ನಮ್ಮ ಮನೆಯಲ್ಲಿ ನಾನಿಲ್ಲ ಎಂಬ ಸುದ್ದಿ ದಿಲ್ಲಿಗೆ ಬಂದಾಗ ನಾನು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ನಾನು ಅಲ್ಲಿಲ್ಲ ಎನ್ನುವುದು ನನಗೆ ಹೊಸದಲ್ಲ, ದಿಲ್ಲಿ ಸೇರಿ ಅದು ಆರನೆಯ ಚಳಿಗಾಲ. ಹೊಸದೆಂದರೆ, ನನ್ನ ಜಾಗದಲ್ಲಿ ಬೇರೊಬ್ಬರು ಇದ್ದಾರೆ ಎನ್ನುವುದು.

ಫೋನು ಮಾಡಿದವಳು ನನ್ನ ನೆಗೆಣ್ಣಿ ಹಾಲಮ್ಮ, ಭಾವನವರ ಹೆಂಡತಿ. ಊರಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನಿಂದ ಮಾತಾಡುವಾಗ ಅವಳು ಕೂಗುತ್ತಾಳೆ, ದಿಲ್ಲಿ ದೂರ ಎಂದು.

"ಗೌರಿ, ನಿಂತೀಯೋ ಕುಂತೀಯೋ?"

"ಕುಂತೀನಿ ಅಕ್ಕ. ಯಾಕ?"

"ಕುಂತೇ ಇರು. ಓಟಿನ ಪಟ್ಟಿ ಬಂದೈತಿ, ಸಾಲಿ ಗ್ವಾಡಿಗೆ ಹಚ್ಚ್ಯಾರ. ನಿನ್ನ ಹೆಸರಿಗೆ ಗೆರಿ ಹೊಡದಾರ. ನಿಮ್ಮನಿ ನಂಬರಿಗೆ ನಿನ್ನ ಗಂಡನ ಹೆಸರೈತಿ. ಅದರ ಬುಡಕ ಇನ್ನೊಂದು ಗಂಡಸಿನ ಹೆಸರೈತಿ."

"ಯಾರ್ದು?"

"ನನಗೇನು ಗೊತ್ತವ್ವ. ಮಾರುದ್ದ ಐತಿ. ಇದು ಉತ್ತರದ ಕಡಿ ಹೆಸರು, ವಯಸ್ಸು ಅರವತ್ತು ದಾಟೈತಿ ಅಂದ್ರು ಮಾಸ್ತರು. ಗೌರಿ ಮನ್ಯಾಗ ಯಾವ ಮುದುಕನ್ನ ಇಟ್ಟಾಳ ಅಂತ ಓಣ್ಯಾಗ ಕೇಳಾಕತ್ತಾರ."

ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಮೂರನೆಯ ಅಕ್ಷರಕ್ಕೇ ನನಗೆ ತಿಳಿಯಿತು. ಆ ಹೆಸರು ನಾವಿದ್ದ ಬಂಗಲೆಯ ಗೇಟಿನ ಹಿತ್ತಾಳೆ ಫಲಕದ ಮೇಲಿತ್ತು. ಸೋಮವಾರಕ್ಕೊಮ್ಮೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದವಳು ನಾನೇ. ಮೆಣಸಿನಕಾಯಿ ಕೈಯೆಂಬುದು ಮರೆತು ಕಣ್ಣೊರೆಸಿಕೊಂಡೆ. ಆ ದಿನ ನಾನು ಅತ್ತದ್ದು ದುಃಖಕ್ಕೋ ಖಾರಕ್ಕೋ ಎಂದು ಕೇಳಿದರೆ ಎರಡೂ ಅಲ್ಲ, ಸಿಟ್ಟಿಗೆ.

ಊರಲ್ಲಿರುವ ನಿಮಗೆ ಇಷ್ಟರಿಂದ ಪೂರ್ತಿ ತಿಳಿಯಲಿಕ್ಕಿಲ್ಲ. ಅಲ್ಲಿದ್ದಾಗ ನನಗೂ ತಿಳಿಯುತ್ತಿರಲಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಯವರು ಹರಪನಹಳ್ಳಿಯ ಒಂದು ಖಾನಾವಳಿಯಲ್ಲಿ ಅಡುಗೆ ಮಾಡುತ್ತಿದ್ದರು. ತೊಂಬತ್ತಾರರಲ್ಲಿ ನಮ್ಮ ಕಡೆಯ ಒಬ್ಬರು ಲೋಕಸಭೆಗೆ ಆರಿಸಿ ಹೋದರು. ದಿಲ್ಲಿಯಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲ ಎಂದು ಮನೆಯವರನ್ನು ಕರೆಸಿಕೊಂಡರು. ಹಿಂದೆಯೇ ನಾನೂ ಮಗಳೂ ಹೋದೆವು. ಸಂಸತ್ತಿನ ಸದಸ್ಯರಿಗೆ ಸರಕಾರ ಇರಲು ಮನೆ ಕೊಡುತ್ತದೆ, ಅದಕ್ಕೆ ಇಲ್ಲಿ ಕೋಠಿ ಎನ್ನುತ್ತಾರೆ. ಮುಂದೆ ಹುಲ್ಲುಹಾಸು, ಗುಲಾಬಿ. ಹಿಂದೆ ಕಾಂಪೌಂಡಿಗೆ ಅಂಟಿಕೊಂಡು ಅಡುಗೆಯವರು, ಮಾಲಿ, ಡ್ರೈವರುಗಳ ಒಂದೊಂದು ಕೋಣೆಯ ಸಾಲು. ಅಲ್ಲಿರುವವರಿಗೆ 'ಪೀಛೇವಾಲೇ' ಎಂದು ಹೆಸರು, ಹಿಂದಿನವರು. ನಮ್ಮ ಊರಲ್ಲಿ ಎಷ್ಟು ಬಡವರ ಮನೆಯಾದರೂ ಬಾಗಿಲು ಓಣಿಗೇ ತೆರೆಯುತ್ತದೆ, ಕಟ್ಟೆಯ ಮೇಲೆ ಕೂತರೆ ಬಂದವರು ಹೋದವರು ಮಾತಾಡಿಸುತ್ತಾರೆ. ಇಲ್ಲಿ ನಮ್ಮ ಬಾಗಿಲು ಗೋಡೆಗೆ ಮುಖ ಮಾಡಿತ್ತು. ಮೊದಲ ಆರು ತಿಂಗಳು ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ. 'ಮದ್ರಾಸಿ' ಎನ್ನುತ್ತಿದ್ದರು. ನಾನು ಮದ್ರಾಸು ಕಂಡವಳಲ್ಲ. ಆದರೆ ಮಾವನವರು ಹುಟ್ಟಿದಾಗ ನಮ್ಮ ತಾಲ್ಲೂಕು ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತಂತೆ. ನಾನು ಮದುವೆಯಾಗಿ ಬಂದಾಗ ಬಳ್ಳಾರಿ ಜಿಲ್ಲೆ, ದಿಲ್ಲಿಗೆ ಬಂದ ಮರುವರ್ಷ ದಾವಣಗೆರೆ ಜಿಲ್ಲೆ. ಮನೆ ಮಾತ್ರ ಅದೇ ಓಣಿಯಲ್ಲಿತ್ತು. ಕೂತಲ್ಲೇ ಕೂತವರನ್ನೂ ಸರಕಾರ ಹೀಗೆ ಅತ್ತಿಂದಿತ್ತ ಒಯ್ಯುತ್ತದೆ.

ಆದರೂ ಶಿವ ಕೈಬಿಡಲಿಲ್ಲ. ನಮ್ಮ ಸಾಲಿನ ಎದುರಿಗೇ ನಲ್ಲಿ ಇತ್ತು, ಬಾಗಿಲ ಬಳಿ ಬೇವಿನ ಮರ ಇತ್ತು. ಊರಲ್ಲಿ ಎದುರು ಮನೆಯ ಮೆಕ್ಯಾನಿಕ್ಕರ ಹೆಂಡತಿಯಿಂದ ಕಲಿತ ನಾಲ್ಕು ಉರ್ದು ಮಾತು ಇಲ್ಲಿ ತರಕಾರಿ ಕೊಡಿಸಿತು. ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂತರೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಇವನ್ನು ದಿನಾ ಎಣಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಸಿಟ್ಟೊಂದೇ ಉಳಿದುಬಿಡುತ್ತದೆ.

ಲೋಕಸಭೆಗೆ ಐದು ವರ್ಷ ಎಂದು ಶಾಲೆಯಲ್ಲಿ ಓದಿದ್ದೆ. ಐದು ವರ್ಷ ಎಂಬುದು ಹೆಚ್ಚೆಂದರೆ ಮಾತ್ರ ಎಂದು ತಿಳಿದದ್ದು ಇಲ್ಲಿ. ಲೋಕಸಭೆ ಎಂದರೆ ಕೆಳಮನೆ, ನಾವು ನೀವು ಸಾಲಲ್ಲಿ ನಿಂತು ಬೆರಳಿಗೆ ಮಸಿ ಹಾಕಿಸಿಕೊಂಡು ನೇರವಾಗಿ ಆರಿಸುವುದು. ಸರಕಾರ ನಿಲ್ಲಬೇಕಾದರೆ ಆ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬೆಂಬಲ ಬೇಕು. ಇಲ್ಲವಾದರೆ ಸರಕಾರ ಬೀಳುತ್ತದೆ, ಬೇರೆ ಯಾರಿಗೂ ಕಟ್ಟಲು ಆಗದಿದ್ದರೆ ಮನೆಯನ್ನೇ ವಿಸರ್ಜಿಸಿ ಮತ್ತೆ ಚುನಾವಣೆ. ತೊಂಬತ್ತಾರರಲ್ಲಿ ಕೂತ ಮನೆ ಎರಡು ವರ್ಷ ತುಂಬುವ ಮೊದಲೇ ಎದ್ದಿತು. ತೊಂಬತ್ತೆಂಟರಲ್ಲಿ ಕೂತದ್ದು ಮರುವರ್ಷದ ಬೇಸಿಗೆಯಲ್ಲಿ ಒಂದೇ ಒಂದು ಮತಕ್ಕೆ ಬಿತ್ತು. ಆಮೇಲಿನ ಚುನಾವಣೆಯಲ್ಲಿ ನಮ್ಮ ಕಡೆಯವರು ಸೋತರು. ಸೋತವರಿಗೆ ಕೋಠಿ ಇಲ್ಲ, ಕೋಠಿ ಇಲ್ಲದ ಮೇಲೆ ಹಿಂದಿನವರೂ ಇಲ್ಲ. ಮಗಳ ಪರೀಕ್ಷೆಯ ವಾರ ನಮ್ಮ ಪಾತ್ರೆ ಪಡಗ, ಒಲೆ, ಹಾಸಿಗೆ ಎಲ್ಲ ರಸ್ತೆಯ ಮೇಲಿದ್ದವು. ದೇವರ ಪೆಟ್ಟಿಗೆಯನ್ನು ನೆಲಕ್ಕಿಡಬಾರದೆಂದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಂದು ಓಟಿನಿಂದ ಏನಾಗುತ್ತದೆ ಎಂದು ನೀವು ಹೇಳುತ್ತೀರಲ್ಲ, ನನ್ನ ಮುಂದೆ ಹೇಳಬೇಡಿ. ಒಂದು ಮತ ಕಡಿಮೆಯಾದರೆ ಸರಕಾರದಿಂದ ಹಿಡಿದು ನನ್ನ ಸೌಟಿನವರೆಗೆ ಎಲ್ಲ ಬೀದಿಗೆ ಬರುತ್ತದೆ ಎಂದು ಕಣ್ಣಾರೆ ಕಂಡವಳು ನಾನು.

ಹಾಗೆ ಬೀದಿಯಲ್ಲಿದ್ದಾಗ ನಮ್ಮನ್ನು ಒಳಗೆ ಕರೆದುಕೊಂಡವರು ಈ ಸಾಹೇಬರು. ಉಪಕಾರ ಮರೆಯಬಾರದು. ಅವರ ಕೋಠಿಗೆ ಅಡುಗೆಯವರು ಬೇಕಿತ್ತು, ಮನೆಯವರು ಫುಲ್ಕಾ ಮಾಡುವುದನ್ನು ಕಲಿತಿದ್ದರು. ಸಾಹೇಬರು ರಾಜ್ಯಸಭೆಯವರು, ಅಂದರೆ ಮೇಲ್ಮನೆಯವರು. ಆ ಮನೆಯನ್ನು ವಿಸರ್ಜಿಸುವುದೇ ಇಲ್ಲ. ಒಬ್ಬೊಬ್ಬರಿಗೆ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಜನ ಏಳುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಸರಕಾರ ಬಿದ್ದರೂ ಇವರು ಅಲ್ಲಾಡುವುದಿಲ್ಲ. "ಇನ್ನೇನು ಚಿಂತಿಲ್ಲ ಬಿಡು, ಇದು ಪಕ್ಕಾ ಮನಿ" ಎಂದರು ನಮ್ಮವರು. ನಾನೂ ನಮ್ಮ ಮನೆದೇವರು ಕೊಟ್ಟೂರಪ್ಪನಿಗೆ ಕಾಯಿ ಹರಸಿಕೊಂಡೆ.

ಮೇಲ್ಮನೆಯವರನ್ನು ಆರಿಸುವವರು ನಾವಲ್ಲ. ನಾವು ಆರಿಸಿ ಕಳಿಸಿದ ಶಾಸಕರು ಆರಿಸುತ್ತಾರೆ. ನಮ್ಮ ರಾಜ್ಯಕ್ಕೆ ಲೋಕಸಭೆಯಲ್ಲಿ ಇಪ್ಪತ್ತೆಂಟು ಸ್ಥಾನ, ರಾಜ್ಯಸಭೆಯಲ್ಲಿ ಹನ್ನೆರಡು. ಶಾಸಕರು ನಮ್ಮ ಹಾಗೆ ಒಬ್ಬರಿಗೆ ಮುದ್ರೆ ಒತ್ತಿ ಬರುವುದಿಲ್ಲ. ಮೊದಲ ಇಷ್ಟಕ್ಕೆ ಒಂದು, ಎರಡನೆಯ ಇಷ್ಟಕ್ಕೆ ಎರಡು ಎಂದು ಅಂಕಿ ಬರೆಯುತ್ತಾರೆ. ವರ ನೋಡುವಾಗ ಇವನಾಗದಿದ್ದರೆ ಅವನು ಎಂದು ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಇದರಲ್ಲಿ ತಪ್ಪಿಲ್ಲ. ದೊಡ್ಡ ಮನೆತನದಲ್ಲಿ ಹಿರಿಯರ ಪಡಸಾಲೆ ಒಂದು ಬೇರೆ ಇರುತ್ತದೆ. ಅವಸರದಲ್ಲಿ ಆದ ತೀರ್ಮಾನವನ್ನು ಅಲ್ಲಿ ಕೂತವರು ಇನ್ನೊಮ್ಮೆ ತೂಗಿ ನೋಡಲಿ ಎಂದು. ರಾಜ್ಯಸಭೆ ಎಂದರೆ ರಾಜ್ಯಗಳ ಸಭೆ, ನಮ್ಮ ರಾಜ್ಯದ ಮಾತನ್ನು ನಮ್ಮವರು ಅಲ್ಲಿ ಆಡಲಿ ಎಂದು. ಅದಕ್ಕಾಗಿ ಆಗ ಒಂದು ಕಾಯಿದೆ ಇತ್ತು. ಯಾವ ರಾಜ್ಯದಿಂದ ನಿಲ್ಲುತ್ತಾರೋ ಆ ರಾಜ್ಯದ ಮತದಾರರಾಗಿರಬೇಕು, ಮತದಾರರಾಗಬೇಕಾದರೆ ಅಲ್ಲಿ ವಾಸ ಮಾಡಬೇಕು.

ಸಾಹೇಬರು ಮೊದಲು ಬಂದದ್ದು ಉತ್ತರದ ಬೇರೊಂದು ರಾಜ್ಯದಿಂದ. ಅವರ ಆರು ವರ್ಷ ಆ ಬೇಸಿಗೆಗೆ ಮುಗಿಯುವುದಿತ್ತು. ಆ ರಾಜ್ಯದಲ್ಲಿ ಅವರ ಪಕ್ಷಕ್ಕೆ ಶಾಸಕರು ಸಾಲದು, ನಮ್ಮ ರಾಜ್ಯದಲ್ಲಿ ಸಾಕಷ್ಟು ಇದ್ದರು. ಅವರಿಗೆ ನಮ್ಮ ರಾಜ್ಯದಲ್ಲಿ ಒಂದು ಮನೆ ಬೇಕಿತ್ತು. ಅಡುಗೆಯವನದೊಂದು ಖಾಲಿ ಬಿದ್ದಿತ್ತು.

ಮನೆಯವರು ತರಕಾರಿ ಚೀಲ ಇಳಿಸುವ ಮೊದಲೇ ಕೇಳಿದೆ.

"ನಮ್ಮನಿ ನಂಬರ್ ಯಾರ್ನ ಕೇಳಿ ಕೊಟ್ರಿ?"

"ಯಾರ್ನ ಕೇಳ್ಬೇಕಿತ್ತು? ಮನಿ ನನ್ನ ಹೆಸರಿಗೈತಿ."

"ಹೆಸರು ನಿಮ್ದು. ಹದಿನಾಕು ವರ್ಷ ಸಾರಿಸಿದ್ದು ಯಾರು?"

"ಲೇ, ದನಿ ಸಣ್ಣ ಮಾಡು. ಪಿ.ಎ. ಕೇಳಿದ, ಸಾಹೇಬ್ರು ಬಾಡಿಗಿಗಿ ಅದಾರ ಅಂತ ಒಂದು ಕಾಗದಕ್ಕ ಸಹಿ ಹಾಕು ಅಂದ. ಹಾಕ್ದೆ. ಸಾಹೇಬ್ರು ಮತ್ತ ಮೆಂಬರ್ ಆಗದಿದ್ರ ಈ ಕೋಠಿ ಹೋಗತೈತಿ. ಆಮ್ಯಾಲೆ ನಾವೆಲ್ಲಿಗೆ ಹೋಗಾನು? ಮಗಳ ಸಾಲಿ ಏನ್ಮಾಡಾನು?"

"ಅದಕ್ಕ ನನ್ನ ಹೆಸರು ಯಾಕ ತಗಸ್ಬೇಕಿತ್ತು?"

"ನಾ ತಗಸಿಲ್ಲ. ಸಂಸಾರ ದಿಲ್ಲಿಗೆ ಹೋಗೈತಿ, ಮನಿ ಬಾಡಿಗಿಗಿ ಕೊಟ್ಟೈತಿ ಅಂತ ಆ ಕಾಗದದಾಗ ಬರದಿದ್ರು."

"ಸಂಸಾರ ಅಂದ್ರ ನಾನಾ?"

ಅವರು ಸೋರೆಕಾಯಿ ತೆಗೆದು ತೊಳೆಯತೊಡಗಿದರು. ದಿಲ್ಲಿಗೆ ಬಂದದ್ದು ಇಬ್ಬರೂ. ಆದರೆ ಬಾಡಿಗೆಗೆ ಕೊಟ್ಟ ಯಜಮಾನನ ಹೆಸರು ಪಟ್ಟಿಯಲ್ಲಿ ಬೇಕಾಯಿತು, ಸಂಸಾರದ್ದು ಬೇಡವಾಯಿತು. ನನಗೆ ಇದು ಮೊದಲ ಸಲವೂ ಅಲ್ಲ. ಮದುವೆಯಾದ ವರ್ಷ ನೀಲಗುಂದದ ಪಟ್ಟಿಯಿಂದ ನನ್ನ ಹೆಸರು ತೆಗೆದು ಹರಪನಹಳ್ಳಿಗೆ ಹಾಕಿದ್ದರು. ಆಗ ತೌರಿನ ಪಟ್ಟಿಯಿಂದ ಹೋದದ್ದಕ್ಕೆ ಅಪ್ಪ ಬೇಸರ ಮಾಡಿಕೊಂಡಿದ್ದರು, ನಾನು ಮಾಡಿಕೊಂಡಿರಲಿಲ್ಲ, ಇನ್ನೊಂದು ಕಡೆ ಬರುತ್ತದಲ್ಲ ಎಂದು. ಈಗ ಎಲ್ಲಿಯೂ ಬಂದಿರಲಿಲ್ಲ.

ಎರಡು ದಿನ ಬಿಟ್ಟು ಹಾಲಮ್ಮಕ್ಕ ಮತ್ತೆ ಫೋನು ಮಾಡಿದಳು. ಶಾಲೆಯ ಮಾಸ್ತರು ಅವಳಿಗೆ ದಾರಿ ಹೇಳಿದ್ದರು. ಪಟ್ಟಿ ಇನ್ನೂ ಕರಡು. ಅದೇ ಪಟ್ಟಿಯಲ್ಲಿರುವ ಯಾವ ಮತದಾರರೇ ಆಗಲಿ, ಈ ಮನುಷ್ಯ ಇಲ್ಲಿ ವಾಸವಿಲ್ಲ ಎಂದು ಏಳನೆಯ ನಮೂನೆಯಲ್ಲಿ ತಕರಾರು ಕೊಡಬಹುದು.

"ನಾ ಕೊಡ್ತೀನಿ" ಎಂದಳು. "ನನ್ನ ಗ್ವಾಡಿ ಆಚಿಗಿ ಯಾರದಾರ ಯಾರಿಲ್ಲ ಅಂತ ನನಗಿಂತ ಯಾರಿಗೆ ಗೊತ್ತು? ಅಲ್ಲಿ ಇಲಿ ಓಡಾಡಿದ್ರೂ ನನಗ ಕೇಳಸ್ತೈತಿ. ನೀ ಹೂಂ ಅನ್ನು."

ನಾಲ್ಕು ದಿನ ತಡಿ ಎಂದೆ. ನನ್ನ ಹೆಸರನ್ನು ಮೊದಲು ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕಿತ್ತು. ವಾಸ ಇಲ್ಲಿದ್ದ ಮೇಲೆ ಇಲ್ಲಿಯೇ ಆಗಲಿ ಎಂದು ಒಬ್ಬಳೇ ದಿಲ್ಲಿಯ ಚುನಾವಣಾ ಕಚೇರಿಗೆ ಹೋದೆ. ಬಸ್ಸಿನ ನಂಬರು ಓದಿ, ಸರಿಯಾದ ನಿಲ್ದಾಣದಲ್ಲಿ ಇಳಿದೆ. ಅದೂ ಒಂದು ದಯೆಯೇ, ಮೊದಲ ವರ್ಷ ಆಗುತ್ತಿರಲಿಲ್ಲ.

ಮಫ್ಲರ್ ಸುತ್ತಿಕೊಂಡ ಗುಮಾಸ್ತ ಫಾರಂ ತುಂಬುತ್ತ ಒಂದೊಂದೇ ಕೇಳಿದ. ಗಂಡನ ಹೆಸರು ಕೇಳಿದಾಗ ಬಾಯಿಂದ ಬರದೆ ಚೀಟಿಯಲ್ಲಿ ಬರೆದು ತೋರಿಸಿದೆ. ಆಮೇಲೆ ತಲೆಯೆತ್ತದೆ ಕೇಳಿದ, "ಆಪ್ ಯಹಾಂ ಮಾಮೂಲಿ ತೌರ್ ಸೇ ರಹತೀ ಹೈಂ?"

ನೀವೇ ಹೇಳಿ. ನಮ್ಮ ಕಡೆ ಕಚೇರಿಯಲ್ಲಿ ಕೂತವನು ಮಾಮೂಲಿ ಎಂದರೆ ಏನು ಅರ್ಥ? ಆ ಒಂದು ಮಾತು ಕಿವಿಗೆ ಬಿದ್ದಮೇಲೆ ಮುಂದಿನದೂ ನನಗೆ ಕನ್ನಡವಾಗಿಯೇ ಕೇಳಿಸಿತು. ಮಾಮೂಲಿ, ಅದೂ ತೌರಿನಿಂದ. ನೀಲಗುಂದದಲ್ಲಿ ಜೋಳ ಬಿತ್ತುವ ನನ್ನ ಅಪ್ಪ ಅಳಿಯನಿಗೇ ವರದಕ್ಷಿಣೆ ಕೊಡಲಿಲ್ಲ, ಇವನಿಗೆ ಲಂಚ ಕೊಡುವನೇ? ಐದಾರು ದಿನದಿಂದ ಒಳಗಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಮಾಮೂಲಿ ಕೊಡುವುದಿಲ್ಲ, ತೌರಿನಿಂದ ಒಂದು ಕಾಳು ಜೋಳವೂ ಬರುವುದಿಲ್ಲ, ಹೆಸರು ಹಾಕುವುದಾದರೆ ಹಾಕು ಎಂದು ನನಗೆ ಬರುವ ಹಿಂದಿಯಲ್ಲಿ, ಬರದ ಕಡೆ ಹರಪನಹಳ್ಳಿ ಮಾತಿನಲ್ಲಿ ಬೈದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಆತ ಪೆನ್ನು ಹಿಡಿದವನು ಹಿಡಿದೇ ಇದ್ದ.

ಪಕ್ಕದ ಮೇಜಿನ ಬಿಳಿ ಗಡ್ಡದ ಹಿರಿಯ ಗುಮಾಸ್ತರು ನನ್ನನ್ನು ಕೂರಿಸಿ ನೀರು ಕೊಟ್ಟರು. ತೌರ್ ಎಂದರೆ ನಿಮ್ಮಲ್ಲಿ ಏನು ಎಂದು ಕೇಳಿದರು. ಹೆಣ್ಣುಮಕ್ಕಳು ಹುಟ್ಟಿದ ಮನೆ ಎಂದೆ. ಮಾಮೂಲಿ ಎಂದರೆ? ಮೇಜಿನ ಕೆಳಗೆ ಕೊಡುವುದು ಎಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ತೌರ್ ಎಂದರೆ ರೀತಿ. ಮಾಮೂಲಿ ಎಂದರೆ ಎಂದಿನಂತೆ. ಇದು ಕಾಯಿದೆಯ ಮಾತು. ಎಂದಿನ ರೀತಿಯಲ್ಲಿ ಎಲ್ಲಿ ಉಂಡು, ಎಲ್ಲಿ ಮಲಗಿ, ಎಲ್ಲಿ ಏಳುತ್ತೀಯೋ ಅಲ್ಲಿಗೆ ನೀನು ಮಾಮೂಲಿ ತೌರ್ ಸೇ ನಿವಾಸಿ. ಎಂದಾದರೊಮ್ಮೆ ಹೋಗಿ ಬರುವ ಮನೆ ಲೆಕ್ಕಕ್ಕಿಲ್ಲ.

ನಾಚಿಕೆಯಾಯಿತು, ಆದರೂ ಕೇಳಿಯೇಬಿಟ್ಟೆ. ಹಾಗಾದರೆ ಒಂದು ದಿನವೂ ಕಾಲಿಡದ ಮನೆಯಲ್ಲಿ ಒಬ್ಬರು ಮಾಮೂಲಿ ತೌರ್ ಸೇ ಇರಬಹುದೇ?

ಅವರು ಆಚೆ ಈಚೆ ನೋಡಿದರು. "ಬೇಟಿ, ಬಡೇ ಲೋಗ್ ಮಾಮೂಲಿ ನಹೀಂ ಹೋತೇ" ಎಂದರು. ದೊಡ್ಡವರು ಮಾಮೂಲಿ ಆಗಿರುವುದಿಲ್ಲ ಮಗಳೇ ಎಂದು.

ಫಾರಂ ತೆಗೆದುಕೊಂಡರು, ಆದರೆ ಒಂದು ಪತ್ರ ಬೇಕೆಂದರು. ಕೋಣೆ ಸಾಹೇಬರಿಗೆ ಕೊಟ್ಟ ಕೋಠಿಯದು. ನಾನು ಅಲ್ಲಿ ವಾಸವಿದ್ದೇನೆಂದು ಸಾಹೇಬರೇ ಬರೆದುಕೊಡಬೇಕು.

ಪಿ.ಎ. ಆಗುವುದಿಲ್ಲ ಎಂದ. ಹಿಂದಿನವರಿಗೆ ಇಂಥ ಪತ್ರ ಕೊಡುವ ಪದ್ಧತಿಯಿಲ್ಲ, ಹೆಸರು ಒಮ್ಮೆ ಕಾಗದದಲ್ಲಿ ಬಂತೆಂದರೆ ನಾಳೆ ಕೋಣೆ ಬಿಡುವುದಿಲ್ಲ ಎಂದು ಕೂರುತ್ತೀರಿ ಎಂದ. ಒಂದು ದಿನವೂ ಇರದ ಮನೆಯಲ್ಲಿ ಅವರಿದ್ದಾರೆಂದು ನಾವು ಬರೆದುಕೊಟ್ಟಿದ್ದೆವು. ಎರಡು ವರ್ಷದಿಂದ ಅವರ ಹೆಸರಿನ ಫಲಕ ತಿಕ್ಕುತ್ತಿದ್ದವಳು ಅಲ್ಲಿದ್ದಾಳೆಂದು ಬರೆಯಲು ಅವರಿಗೆ ಪದ್ಧತಿ ಅಡ್ಡ ಬಂತು. ನಾನು ಬಾಗಿಲಿಗೆ ಒರಗಿ ನಿಂತು, ಊರಲ್ಲಿ ನಮ್ಮ ಅಕ್ಕ ಏಳನೆಯ ನಮೂನೆ ತುಂಬಿ ಇಟ್ಟುಕೊಂಡಿದ್ದಾಳೆ ಎಂದೆ. ಅಷ್ಟೇ ಹೇಳಿದ್ದು. ಅವನ ಮುಖ ಆರಿದ ಹೂರಣದ ಹಾಗೆ ಬಿಗಿಯಿತು. ಮಧ್ಯಾಹ್ನದ ಊಟಕ್ಕೆ ಮೊದಲು ಪತ್ರ ಟೈಪಾಗಿ, ಸಹಿಯಾಗಿ, ಅಡುಗೆಮನೆಗೆ ಬಂತು.

ಪತ್ರ ಕೈಗೆ ಬಂದ ದಿನವೇ ನಾನು ಬಸ್‌ಸ್ಟ್ಯಾಂಡಿನ ಬೂತಿಗೆ ಫೋನು ಮಾಡಿ, ಹಾಲಮ್ಮಕ್ಕನನ್ನು ಕರೆಸಿ, ತಕರಾರು ಬೇಡ ಎಂದೆ.

"ಯಾಕ?"

"ಮಗಳು ಈ ವರ್ಷ ಹತ್ತನೇತ್ತ, ಅಕ್ಕ. ಮತ್ತ ರಸ್ತೆಗೆ ಬೀಳಾಕ ನನ್ನ ಕೈಲಾಗಲ್ಲ."

"ಹಂಗಾರ ಅವ ಇರ್ಲೇನು ನಿನ್ನ ಮನ್ಯಾಗ?"

"ಇರ್ಲಿ."

"ಆತು ಬಿಡವ್ವ" ಎಂದು ಇಟ್ಟುಬಿಟ್ಟಳು. ಮೂರು ತಿಂಗಳು ಫೋನು ಮಾಡಲಿಲ್ಲ. ಸಾಹೇಬರ ಮೇಲೆ, ಪಿ.ಎ. ಮೇಲೆ, ಮನೆಯವರ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಇಲ್ಲಿ ಬರೆದಿದ್ದೇನೆ. ಆವತ್ತು ನನ್ನ ಮೇಲೆ ಬಂದದ್ದನ್ನು ಬರೆಯಲು ಹಿಂದೆ ಮುಂದೆ ನೋಡಿದರೆ ಅದು ಮೋಸವಾದೀತು. ಲಿಂಗ ಕೈಯಲ್ಲಿಟ್ಟುಕೊಂಡು ಕೂತರೆ ಮಂತ್ರ ಬರುತ್ತಿರಲಿಲ್ಲ. ಕೊಟ್ಟೂರಪ್ಪಾ, ನನ್ನ ಹೆಸರಿಗಾಗಿ ಸತ್ಯ ಮಾರಿದೆ ಎಂದಷ್ಟೇ ಬರುತ್ತಿತ್ತು.

ಸಾಹೇಬರು ಬೇಸಿಗೆಯಲ್ಲಿ ನಮ್ಮ ರಾಜ್ಯದಿಂದ ಆರಿಸಿ ಬಂದರು. ಲಾಡು ಹಂಚಲು ತಾವೇ ಹಿಂದಿನ ಸಾಲಿಗೆ ಬಂದರು, ಮೊದಲ ಸಲ. ಇನ್ನು ಮೇಲೆ ನಾವೂ ನಿಮ್ಮ ಊರಿನವರು ಎಂದರು. ನಮ್ಮ ಕಡೆ ಊರಿನವರು ಎಂದು ಬಂದವರನ್ನು ಹೇಗೆ ಮಾತಾಡಿಸುತ್ತೇವೆ, ನಿಮಗೆ ಗೊತ್ತು. ಯಾವ ಓಣಿ, ಯಾರ ಪೈಕಿ, ಮನೆದೇವರು ಯಾರು. ಹಾಗೆಯೇ ಕೇಳಿದೆ, ನಿಮ್ಮ ಮನೆದೇವರು ಯಾರು ಎಂದು. ಅವರಿಗೆ ತಿಳಿಯಲಿಲ್ಲ. ಆ ಮನೆಯಲ್ಲಿ ಒಂದು ದೇವರ ಗೂಡಿದೆ, ಇರುವವರು ಸೋಮವಾರ ಅಲ್ಲಿ ದೀಪ ಹಚ್ಚಬೇಕು, ಅದಕ್ಕೇ ಕೇಳಿದೆ ಎಂದೆ. ಅವರು ನಕ್ಕು, ನನ್ನ ಪರವಾಗಿ ನೀವೇ ಹಚ್ಚಿಬಿಡಿ ಎಂದರು. ಓಟು ನನ್ನದು, ಮನೆ ನನ್ನದು, ಇನ್ನು ದೀಪ ಹಚ್ಚುವವಳೂ ನಾನೇ. ಮನೆಯವರು ಹಿಂದಿನಿಂದ ಸೆರಗು ಎಳೆದದ್ದರಿಂದ ಲಾಡು ತೆಗೆದುಕೊಂಡೆ.

ಆ ವರ್ಷವೇ ಪಾಸು ಸಿಕ್ಕಿ ಸಂಸತ್ತಿನ ಗ್ಯಾಲರಿಗೆ ಹೋದೆ. ಚೀಲ, ಹೇರ್‌ಪಿನ್ನಿನ ಡಬ್ಬಿ ಎಲ್ಲ ಹೊರಗೇ ಇಡಿಸುತ್ತಾರೆ, ಮಿಸುಕದೆ ಕೂರಬೇಕು. ಕೆಳಮನೆಯ ನೆಲಕ್ಕೆ ಹಸಿರು ಹಾಸು, ಮೇಲ್ಮನೆಗೆ ಕೆಂಪು. ಒಂದು ಮಸೂದೆ ಕಾಯಿದೆಯಾಗಬೇಕಾದರೆ ಎರಡೂ ಹಾಸಿನ ಮೇಲೆ ಹಾಯಬೇಕು. ಒಂದು ಮನೆ ಹೂಂ ಎಂದು ಇನ್ನೊಂದು ಉಹೂಂ ಎಂದರೆ ಎರಡನ್ನೂ ಒಟ್ಟಿಗೆ ಕೂರಿಸಿ ಓಟು ಹಾಕಿಸುತ್ತಾರೆ. ಕೆಳಮನೆಯವರು ದುಪ್ಪಟ್ಟು ಜನ, ಹೆಚ್ಚಾಗಿ ಅವರದೇ ಗೆಲ್ಲುತ್ತದೆ. ತೆರಿಗೆ ಬೊಕ್ಕಸದ ಮಾತಿದ್ದರೆ ಮೇಲ್ಮನೆಯವರು ಹದಿನಾಲ್ಕು ದಿನದಲ್ಲಿ ನೋಡಿ ವಾಪಸು ಕಳಿಸಬೇಕು, ತಡೆಯುವಂತಿಲ್ಲ. ನಾನು ಕೂತದ್ದು ಮೇಲ್ಮನೆಯ ಗ್ಯಾಲರಿಯಲ್ಲಿ. ಸಭಾಪತಿಯ ಪೀಠದಲ್ಲಿದ್ದವರು ಒಪ್ಪುವವರು ಹೌದೆನ್ನಿ ಎಂದರು, ಕೆಲವರು ಹೌದೆಂದರು, ಇಲ್ಲವೆನ್ನುವವರು ಇಲ್ಲವೆನ್ನಿ ಎಂದರು, ಕೆಲವರು ಇಲ್ಲವೆಂದರು, ಹೌದು ಗೆದ್ದಿತು. ನಾನು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಆಗಿಹೋಯಿತು. ಆಮೇಲೆ ನಮ್ಮ ಸಾಹೇಬರು ಎದ್ದು, ತಮ್ಮ ಊರಾದ ಹರ್ಪನ್‌ಹಾಲಿಗೆ ರೈಲು ಬೇಕೆಂದು ಚೀಟಿ ನೋಡಿ ಓದಿದರು. ನನ್ನ ಹೊಟ್ಟೆ ಉರಿಯಿತು. ನಮ್ಮ ಊರಿನ ಹೆಸರು ಅಷ್ಟು ದೊಡ್ಡ ಮನೆಯಲ್ಲಿ ಕೇಳಿ ಮೈ ಜುಮ್ಮೆಂದದ್ದೂ ನಿಜ. ಎರಡೂ ಒಟ್ಟಿಗೇ ಆದವು, ಏನು ಮಾಡಲಿ.

ಮರುವರ್ಷ ಕಾಯಿದೆ ಬದಲಾಯಿತು. ರಾಜ್ಯಸಭೆಗೆ ನಿಲ್ಲುವವರು ಆ ರಾಜ್ಯದವರೇ ಆಗಬೇಕಿಲ್ಲ, ದೇಶದಲ್ಲಿ ಎಲ್ಲಾದರೂ ಮತದಾರರಾಗಿದ್ದರೆ ಸಾಕು ಎಂದು ಮಾಡಿದರು. ಹಸಿರು ಹಾಸಿನವರೂ ಒಪ್ಪಿದರು, ಕೆಂಪು ಹಾಸಿನವರೂ ಒಪ್ಪಿದರು. ಜೊತೆಗೆ ಶಾಸಕರು ಓಟನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕೆಂದೂ ಆಯಿತು. ಮನೆಯವರು ಫುಲ್ಕಾ ಉಬ್ಬಿಸುತ್ತ ಹೇಳಿದರು, "ನೋಡು, ಇನ್ನ ಯಾರೂ ಸುಳ್ಳು ಬರಸಬೇಕಾಗಿಲ್ಲ. ಚಲೋ ಆತಲ್ಲ."

ಇದನ್ನು ಚಲೋ ಎನ್ನುತ್ತಾರೆ. ಬೇಲಿ ಹಾರಿ ಬರುವವರು ಹೆಚ್ಚಾದರೆಂದು ಬೇಲಿಯನ್ನೇ ಕಿತ್ತು ಒಲೆಗೆ ಹಾಕಿದರು. ಸುಳ್ಳು ಬರೆಸಿದವರಿಗೆ ಶಿಕ್ಷೆಯಿಲ್ಲ, ಸುಳ್ಳಿನ ಅಗತ್ಯವನ್ನೇ ತೆಗೆದರು. ಹಾಗಾದರೆ ರಾಜ್ಯಗಳ ಸಭೆ ಎಂದು ಹೆಸರು ಯಾಕೆ? ಅಡುಗೆಯವನ ಹೆಂಡತಿ ಓಟು ಹಾಕಬೇಕಾದರೆ ಇಂದಿಗೂ ಮಾಮೂಲಿ ತೌರ್ ಸೇ ವಾಸವಿರಬೇಕು, ಪತ್ರ ತರಬೇಕು, ಸಾಲಲ್ಲಿ ನಿಲ್ಲಬೇಕು. ಮೇಲೆ ಕೂರುವವರಿಗೆ ಮಾತ್ರ ಊರೆಲ್ಲ ಮನೆ. ಊರಿನ ನನ್ನ ಅಕ್ಕತಂಗಿಯರಿಗೆ ಒಂದು ಮಾತು ಹೇಳುತ್ತೇನೆ. ಶಾಸಕರನ್ನು ಆರಿಸುವಾಗ ಚರಂಡಿ, ನಲ್ಲಿ, ರಸ್ತೆ ಕೇಳುತ್ತೀರಿ, ಕೇಳಲೇಬೇಕು. ರಾಜ್ಯಸಭೆಗೆ ಯಾರನ್ನು ಕಳಿಸುತ್ತೀಯಪ್ಪಾ ಎಂದೂ ಕೇಳಿ. ಆ ಓಟು ನಮ್ಮ ಕೈಯಿಂದಲೇ ಅವರ ಕೈಗೆ ಹೋಗಿರುವುದು.

ಎರಡು ಸಾವಿರದ ನಾಲ್ಕರ ಮೇ ತಿಂಗಳ ಬಿಸಿಲಿನಲ್ಲಿ ನಾನು ದಿಲ್ಲಿಯಲ್ಲಿ ಓಟು ಹಾಕಿದೆ. ಹಿಂದಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿ ಗುಂಡಿ ಒತ್ತಿದೆ, ಯಂತ್ರ ಕೂಗಿತು. ನನ್ನ ಹೆಸರನ್ನು ಅಧಿಕಾರಿ 'ಗೌರಿ ದೇವಿ' ಎಂದು ಕೂಗಿದ್ದರು, ತಿದ್ದಲಿಲ್ಲ. ಗೆದ್ದ ಹಾಗೂ ಅನಿಸಿತು, ಬೇರೆ ಯಾರದೋ ಓಟು ಹಾಕಿ ಬಂದ ಹಾಗೂ ಅನಿಸಿತು. ಆರಿಸಿದವರಿಗೆ ನಮ್ಮ ಕೆರೆ ಗೊತ್ತಿಲ್ಲ, ಇಲ್ಲಿಯ ನೀರಿನ ಜಗಳ ನನಗೆ ಪೂರ್ತಿ ಗೊತ್ತಿಲ್ಲ. ಬಂದವಳೇ ಸಂಡಿಗೆಗೆ ಹಿಟ್ಟು ಕಾಯಿಸಲು ಇಟ್ಟೆ. ಹಾಲಮ್ಮಕ್ಕನ ಫೋನು ಬಂತು. ನಮ್ಮ ಕಡೆ ಮತದಾನ ಮೊದಲೇ ಮುಗಿದಿತ್ತು.

"ಹಾಕಿದೇನವ್ವ ಓಟು?"

"ಹಾಕ್ದೆ ಅಕ್ಕ."

"ನಿನ್ನ ಬಾಡಿಗಿ ಮುದುಕ ಬರ್ಲೇ ಇಲ್ಲ ನೋಡು. ಹೆಸರು ಓದಿದಾಗೆಲ್ಲ ನಗ್ಯಾಡ್ತಾರ. ಆತನ ಹೆಸರು ತಗಸ್ಲೇನು? ಏಳನೇ ನಮೂನಿ ಈಗ್ಲೂ ತುಂಬಬೌದಂತ."

"ತಗಸು ಅಕ್ಕ. ಈಗ ಅವರಿಗೆ ಅದು ಬೇಕಾಗಿಲ್ಲ."

"ಬೇಕಾಗಿಲ್ಲ ಅಂತ ತಗಸೋದೇನು ದೊಡ್ಡದು? ಬೇಕಾದಾಗ ತಗಸ್ಬೇಕಿತ್ತು."

 ಅವಳೇ ಸ್ವಲ್ಪ ಮೆತ್ತಗಾದಳು.

"ಹೋಗ್ಲಿ ಬಿಡು. ನಿನ್ನ ಹೆಸರು ಮತ್ತ ಹಚ್ಚಿಸ್ತೀನಿ. ಮಾಸ್ತರು ನಮ್ಮವರೇ ಅದಾರ, ಯಾರ್ ಕೇಳ್ತಾರ."

ಬೇಕು ಎಂದು ಬಾಯಿಗೆ ಬಂದಿತ್ತು. ಒಬ್ಬರ ಹೆಸರು ಎರಡು ಕಡೆ ಇರಬಾರದು, ಅದೂ ಕಾಯಿದೆ. ಉಂಡು ಮಲಗಿ ಏಳುವುದು ಇಲ್ಲಿ.

"ಬ್ಯಾಡ ಅಕ್ಕ. ನಾನೂ ಅಲ್ಲಿಲ್ಲಲ್ಲ."

"ನಿನ್ನ ಗಂಡನೂ ಇಲ್ಲ, ಸಾಹೇಬನೂ ಇಲ್ಲ, ನೀನೂ ಇಲ್ಲ. ಹಂಗಾರ ಆ ಮನ್ಯಾಗ ಯಾರದಾರ ಅಂತ ಬರಸ್ಲಿ?"

ಹಿಟ್ಟು ತಳ ಹಿಡಿಯುವ ವಾಸನೆ ಬಂತು. ಇಡ್ತೀನಿ ಅಕ್ಕ ಎಂದು ಫೋನಿಟ್ಟು, ಉರಿ ಸಣ್ಣ ಮಾಡಿ, ಗಂಟಾಗದಂತೆ ತಿರುವತೊಡಗಿದೆ.